ಲಿಂಗವೂ ಲೇಖನಿಯೂ: ವಾಯ್ ಶಾಂದೋರರ ಚರಿತ್ರೆ

ಕವಿಯನ್ನು ತಿಳಿಯಬೇಕೆನ್ನುವವರು ಮೊದಲು ಕಾವ್ಯವನ್ನು ಓದಬೇಕೆಂಬುದು ನಮ್ಮ ಹಿರಿಯರು ಕಲಿಸಿದ ಪಾಠ. ಕಾಳಿದಾಸನ ತಾಯ್ತಂದೆಗಳು ಯಾರೆಂಬುದನ್ನು ಅರಿಯದೆಯೇ ನಾವು ಶಾಕುಂತಲವನ್ನು ಸವಿಯುತ್ತ ಬಂದಿರುವೆವು. ಅದರಿಂದ ರಸಕ್ಕೆ ಯಾವ ಊನವೂ ಆಗಿಲ್ಲ. ಪಶ್ಚಿಮ ದೇಶಗಳ ಸಾಹಿತ್ಯಚರಿತ್ರೆಯಲ್ಲಾದರೋ ಇದಕ್ಕೆ ನೇರವಾಗಿ ವಿಪರೀತವಾದ ಒಂದು ದೃಷ್ಟಾಂತವುಂಟು. ಹಂಗೇರಿ ದೇಶದ ಗ್ರಂಥಕರ್ತರೊಬ್ಬರು ತಮ್ಮ ದೇಶಭಾಷೆಯಲ್ಲಿ ಬಹುಕಾಲ ಬರೆದರು. ೧೯೦೯ರ ಸುಮಾರಿಗೆ ಅವರ ಕೃತಿಗಳು ಹತ್ತು ಸಂಪುಟಗಳಾಗಿ ಹೊರಬಂದವು. ಆದರೆ ಹಂಗೇರಿಯ ಹೊರಗೆ ಅವರ ಹೆಸರನ್ನು ಕೇಳಿರುವವರಲ್ಲಿ ಹೆಚ್ಚಿನವರು ಆ ಹತ್ತು ಸಂಪುಟಗಳಲ್ಲಿ ಒಂದರ ಪುಟವನ್ನೂ ತೆರೆದವರಲ್ಲ. ಅವರ ತಲೆಬುರುಡೆಯನ್ನು ವೈದ್ಯರು ಅಳೆದರೆಂಬುದನ್ನು ಮಾತ್ರ ಚೆನ್ನಾಗಿ ಬಲ್ಲರು.

ಆ ಗ್ರಂಥಕರ್ತರ ಹೆಸರು ಕೌಂಟ್ ವಾಯ್ ಶಾಂದೋರ್. ಅವರ ದೇಹವನ್ನು ಅಳೆದು ಲೋಕಕ್ಕೆ ಸಾರಿದ ಗ್ರಂಥವು ಕ್ರಾಫ್ಟ್-ಎಬಿಂಗ್ ಎಂಬ ಮನೋವೈದ್ಯನ ‘ಸೈಕೋಪಥಿಯಾ ಸೆಕ್ಸುವಾಲಿಸ್’. ೧೮೮೬ರಲ್ಲಿ ಮೊದಲು ಅಚ್ಚಾದ ಈ ಪುಸ್ತಕವು ಒಂದೊಂದು ಮುದ್ರಣಕ್ಕೂ ಹೊಸ ರೋಗಿಗಳನ್ನು ಸೇರಿಸಿಕೊಂಡು ಬೆಳೆಯುತ್ತ ಹೋಯಿತು. ಪಾಮರರು ಓದಬಾರದೆಂದು ಗ್ರಂಥಕಾರನು ಕೆಲವು ಭಾಗಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದನು. ಬಚ್ಚಿಟ್ಟುದನ್ನು ನೋಡುವ ಆಸೆ ಎಲ್ಲ ದೇಶದವರಿಗೂ ಸಮಾನವಾದುದರಿಂದ ಪುಸ್ತಕವು ಬೇಕಾದಷ್ಟು ಪ್ರಚಾರಕ್ಕೆ ಬಂದಿತು. ಶಾಂದೋರರ ವೃತ್ತಾಂತವು ಅದರಲ್ಲಿ ಒಂದು ಪ್ರಕರಣವಾಗಿ ಸೇರಿತು. ೧೮೯೭ರಲ್ಲಿ ಇಂಗ್ಲೀಷಿನಲ್ಲಿ ಬಂದ ಹ್ಯಾವ್‌ಲಾಕ್ ಎಲಿಸನ ಗ್ರಂಥದಲ್ಲಿಯೂ ಅದೇ ವೃತ್ತಾಂತವು ಪುನರುಕ್ತವಾಯಿತು. ಒಬ್ಬ ಲೇಖಕರ ಜೀವಿತವು ಹೀಗೆ ರೋಗಿಗಳ ಪಟ್ಟಿಯಲ್ಲಿ ಉಳಿದುಕೊಂಡುದು ನ್ಯಾಯವೆ, ಎಂಬುದೇ ಪ್ರಕೃತ ಲೇಖನದ ವಿಚಾರ.

ಈ ವಿಷಯವನ್ನು ನಮ್ಮ ಸಂಘದ ಕೂಟದಲ್ಲಿ ನಾನು ಪ್ರಸ್ತಾಪಿಸಿದಾಗ ಹಿರಿಯ ಸದಸ್ಯರೊಬ್ಬರು, “ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಇಂಥದೇಕೆ, ಮೇಷ್ಟ್ರೇ?” ಎಂದು ಕೇಳಿದರು. ಪ್ರಶ್ನೆ ಯುಕ್ತವಾದುದೇ. ಅದಕ್ಕೆ ನನ್ನ ಉತ್ತರವು ಮಹಾಭಾರತದಲ್ಲಿದೆ. ಚರಿತ್ರೆಯನ್ನು ಹೇಳಿದ ಮೇಲೆ ಅಲ್ಲಿಗೆ ಬರುವೆನು.

ಚರಿತ್ರೆಯು ಸಂಕ್ಷೇಪವಾಗಿ ಹೀಗಿದೆ. ಹಂಗೇರಿಯು ಆಸ್ಟ್ರಿಯದ ಚಕ್ರವರ್ತಿಯ ವಿರುದ್ಧ ೧೮೪೮–೪೯ರಲ್ಲಿ ಕಾದಿ ಸೋತು, ಇನ್ನೂ ಆ ಸೋಲಿನ ಭಾರದಲ್ಲಿದ್ದ ಕಾಲ. ೧೮೫೯ರಲ್ಲಿ ದ್ಯೋನ್ ಎಂಬ ಊರಿನಲ್ಲಿ (ಅದೀಗ ದಬಶ್ ಪಟ್ಟಣದ ಒಂದು ಭಾಗ) ವಾಯ್ ಎಂಬ ಕುಲೀನ ಮನೆತನದಲ್ಲಿ ಒಂದು ಹೆಣ್ಣುಮಗು ಜನಿಸಿತು. ಶರೋಲ್ತಾ ಎಂದು ಹೆಸರಿಟ್ಟರು. ತಂದೆಯು ಉನ್ನತ ಪದವಿಯವನು, ದುಂದುಗಾರ, ವಿಚಿತ್ರ ಸ್ವಭಾವದವನು. ಅವನು ಈ ಮಗುವನ್ನು ಗಂಡುಮಗುವಿನಂತೆ ಬೆಳೆಸಿದನು. ಅಲೆಕ್ಸಾಂಡರ್ ಎಂಬುದರ ಹಂಗೇರಿಯ ರೂಪವಾದ ಶಾಂದೋರ್ ಎಂಬ ಹೆಸರಿನಿಂದ ಕರೆದನು. ಕುದುರೆಯ ಸವಾರಿಯನ್ನೂ ಬೇಟೆಯನ್ನೂ ಕಲಿಸಿದನು. ಇನ್ನೊಬ್ಬ ಮಗನನ್ನು ಇದಕ್ಕೆ ವಿಪರೀತವಾಗಿ ಹೆಣ್ಣುಡುಗೆಯಲ್ಲಿ ಬೆಳೆಸಿದನಂತೆ. ಆ ಹುಡುಗನು ಹದಿನೈದನೆಯ ವಯಸ್ಸಿನಲ್ಲಿ ದೊಡ್ಡ ಶಾಲೆಗೆ ಹೋದಾಗ ಆ ವೇಷ ಮುಗಿಯಿತು. ಶಾಂದೋರರದು ಮುಗಿಯಲಿಲ್ಲ. ಹನ್ನೆರಡರ ವಯಸ್ಸಿನಲ್ಲಿ ಡ್ರೆಸ್ಡೆನ್ ನಗರದಲ್ಲಿದ್ದ ಅಜ್ಜಿಯ ಬಳಿಗೆ ಕಳುಹಿಸಿದರು. ಆಕೆ ಮೊಮ್ಮಗುವಿಗೆ ಲಂಗವನ್ನು ತೊಡಿಸಿ ಹೆಣ್ಣುಮಕ್ಕಳ ವಿದ್ಯಾಶಾಲೆಗೆ ಸೇರಿಸಿದಳು. ಹದಿಮೂರರಲ್ಲಿ ಮಗುವು ಅಲ್ಲಿಂದ ಓಡಿಹೋಯಿತು. ಕೊನೆಗೆ ತಾಯಿಯು ಸೋತು, ಗಂಡುಡುಗೆಗೂ ಶಾಂದೋರ್ ಎಂಬ ಹೆಸರಿಗೂ ಸಮ್ಮತಿ ಕೊಟ್ಟಳು.

ಈ ಭಾಗವನ್ನು ಓದುವವರು ತಂದೆಯ ತಪ್ಪನ್ನು ಎತ್ತಿ ಆಡುವುದು ಸಹಜ. ಬೆಳೆಸಿದ ರೀತಿಯೇ ಕಾರಣವೆಂದು ತೀರ್ಮಾನಿಸಿದರೆ ಮನಸ್ಸಿಗೆ ಸಮಾಧಾನವೂ ಆಗುತ್ತದೆ. ಆದರೆ ಒಂದೇ ಮನೆಯಲ್ಲಿ, ಒಬ್ಬನೇ ತಂದೆಯ ಕೈಯಲ್ಲಿ, ಇಬ್ಬರು ಮಕ್ಕಳಿಗೂ ವಿಪರೀತ ವೇಷಗಳನ್ನು ತೊಡಿಸಲಾಗಿತ್ತು. ಒಬ್ಬರು ಅದನ್ನು ಕಳಚಿಟ್ಟರು, ಇನ್ನೊಬ್ಬರು ಕಳಚಲಿಲ್ಲ. ನಾಲ್ಕು ದಶಕಗಳ ಕಾಲ ಮಕ್ಕಳಿಗೆ ಪಾಠ ಹೇಳಿದವನಾಗಿ ನಾನು ಹೇಳಬಲ್ಲುದಿಷ್ಟೆ: ಬೋಧಕನು ಬಿತ್ತಿದುದೆಲ್ಲ ಬೆಳೆಯುವುದಿಲ್ಲ, ಬೆಳೆದುದೆಲ್ಲ ಬೋಧಕನು ಬಿತ್ತಿದುದೂ ಅಲ್ಲ.

ಪ್ರಾಪ್ತವಯಸ್ಕರಾದ ಶಾಂದೋರರು ರಾಜಧಾನಿಯನ್ನು ಸೇರಿದರು. ಬುಡಾ, ಓಬುಡಾ, ಪೆಷ್ಟ್ ಎಂಬ ಮೂರು ಪಟ್ಟಣಗಳು ಕೂಡಿ ೧೮೭೩ರಲ್ಲಿ ಒಂದೇ ಮಹಾನಗರವಾಗಿದ್ದುವು. ಪತ್ರಿಕೆಗಳೂ ಕಾಫಿಗೃಹಗಳೂ ಬೆಳೆಯುತ್ತಿದ್ದುವು. ಅಲ್ಲಿ ಅವರು ಕವಿತೆಗಳನ್ನು ಬರೆದರು, ಪತ್ರಿಕೆಗಳಿಗೆ ಲೇಖನಗಳನ್ನು ಕೊಟ್ಟರು, ಕತ್ತಿವರಸೆಯಲ್ಲಿ ಹೆಸರು ಪಡೆದರು, ಸಾಲವನ್ನೂ ಮಾಡಿದರು. ಒಬ್ಬ ನಟಿಯೊಡನೆ ಕೆಲವು ವರ್ಷ ಸಂಸಾರ ಮಾಡಿ ಬೇರೆಯಾದರು. ೧೮೮೭ರ ಬೇಸಗೆಯಲ್ಲಿ ಒಂದು ವಿಹಾರಸ್ಥಳದಲ್ಲಿ ಆಸ್ಟ್ರಿಯದ ಗಣ್ಯ ಅಧಿಕಾರಿಯೊಬ್ಬನ ಕುಟುಂಬದ ಪರಿಚಯವಾಯಿತು. ಅವನ ಮಗಳು ಮರೀ ಉಪಾಧ್ಯಾಯಿನಿ. ಇಬ್ಬರಿಗೂ ಅನುರಾಗವುಂಟಾಯಿತು. ಮರೀ ತನ್ನ ಉದ್ಯೋಗವನ್ನು ಬಿಟ್ಟಳು. ಹಂಗೇರಿಯ ಒಂದು ಲತಾಮಂಟಪದಲ್ಲಿ, ಒಬ್ಬ ಸ್ನೇಹಿತನ ಸಮಕ್ಷದಲ್ಲಿ, ಪಾದ್ರಿಯಲ್ಲದ ಪಾದ್ರಿಯೊಬ್ಬನಿಂದ ವಿವಾಹವಾಯಿತು. ವಿವಾಹಪತ್ರವನ್ನು ಶಾಂದೋರರೇ ಕೃತಕವಾಗಿ ನಿರ್ಮಿಸಿದರು. ದಂಪತಿಗಳು ಕ್ಲಾಗನ್‌ಫರ್ಟ್ ನಗರದಲ್ಲಿ ನೆಲೆಸಿದರು.

ಇಲ್ಲಿಂದ ಮುಂದೆ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕೆಂದು ಕೋರುವೆನು. ೧೮೮೯ರ ನವೆಂಬರ್ ತಿಂಗಳಲ್ಲಿ ಮಾವನು ನ್ಯಾಯಾಲಯಕ್ಕೆ ದೂರು ಕೊಟ್ಟನಷ್ಟೆ. ಯಾತಕ್ಕೆ? ಒಂದು ಕಂಪೆನಿಯ ಕಾರ್ಯದರ್ಶಿಯ ಕೆಲಸಕ್ಕೆ ಠೇವಣಿ ಬೇಕೆಂದು ಹೇಳಿ ಅಳಿಯನು ತನ್ನಿಂದ ೮೦೦ ಫ್ಲಾರಿನ್‌ಗಳನ್ನು ಪಡೆದು ವಂಚಿಸಿದನೆಂದು. ದೂರಿನ ಮೊದಲು ಹಣ. ಹಣದ ಲೆಕ್ಕವನ್ನು ಹುಡುಕುತ್ತ ಹೋದವರು ಅಳಿಯನು ಗಂಡಸಲ್ಲವೆಂಬುದನ್ನು ಕಂಡುಕೊಂಡರು. ಕಂಡುಕೊಂಡ ಕ್ಷಣದಿಂದ ೮೦೦ ಫ್ಲಾರಿನ್‌ಗಳ ಮಾತು ಹಿಂದೆ ಸರಿಯಿತು. ಸಾಲಗಾರನ ವ್ಯಾಜ್ಯವು ದೇಹದ ವ್ಯಾಜ್ಯವಾಯಿತು. ಬಂಧಿತರಾದ ಶಾಂದೋರರು ಮೊದಲನೆಯ ವಿಚಾರಣೆಯಲ್ಲಿಯೇ, ತಾವು ಹುಟ್ಟಿನಿಂದ ಸ್ತ್ರೀಯೆಂದೂ ಕೌಂಟ್ ಶಾಂದೋರ್ ಎಂಬ ಹೆಸರಿನಿಂದ ಗ್ರಂಥಕರ್ತೃತ್ವವನ್ನು ನಡೆಸುತ್ತಿರುವುದಾಗಿಯೂ ಒಪ್ಪಿಕೊಂಡರು. ಮೊದಲನೆಯ ಮಾತನ್ನು ಲೋಕವು ಕೇಳಿತು. ಎರಡನೆಯ ಮಾತನ್ನು ಕೇಳಲಿಲ್ಲ.

ಕಾನೂನಿನ ಸ್ಥಿತಿಯನ್ನೂ ಹೇಳಬೇಕು. ಒಬ್ಬನೇ ಚಕ್ರವರ್ತಿಯ ಅಧೀನದಲ್ಲಿದ್ದ ಎರಡು ರಾಜ್ಯಗಳಲ್ಲಿ ಎರಡು ಬಗೆಯ ದಂಡಸಂಹಿತೆಗಳಿದ್ದುವು. ಹಂಗೇರಿಯ ೧೮೭೮ರ ಸಂಹಿತೆಯು ಪುರುಷರ ಪರಸ್ಪರ ಸಂಬಂಧವನ್ನು ಮಾತ್ರ ಅಪರಾಧವೆಂದಿತು. ಆಸ್ಟ್ರಿಯದ ೧೮೫೨ರ ಸಂಹಿತೆಯ ೧೨೯ನೆಯ ಪ್ರಕರಣವು ಸ್ತ್ರೀಯರನ್ನೂ ಬಿಡಲಿಲ್ಲ. ಕ್ಲಾಗನ್‌ಫರ್ಟ್ ಇರುವುದು ಆಸ್ಟ್ರಿಯದಲ್ಲಿ. ಶಾಂದೋರರ ಮೇಲೆ ಹೊರಿಸಿದ ಆರೋಪಗಳು ವಂಚನೆ ಮತ್ತು ಕೃತಕಪತ್ರಗಳ ನಿರ್ಮಾಣವಾದರೂ, ಗಡಿಯನ್ನು ದಾಟಿದವರು ಎಂಥ ನೆಲದ ಮೇಲೆ ನಿಂತಿದ್ದರೆಂಬುದು ಇದರಿಂದ ತಿಳಿಯುವುದು.

ನ್ಯಾಯಾಲಯವು ವೈದ್ಯರನ್ನು ಕರೆಯಿಸಿತು. ಅವರು ಮಾಡಿದ ವರದಿಯೇ ಕ್ರಾಫ್ಟ್-ಎಬಿಂಗನ ಗ್ರಂಥಕ್ಕೆ ಆಧಾರ. ಅದನ್ನು ಒಂದು ಚರಿತ್ರಗ್ರಂಥವೆಂದು ಭಾವಿಸಿ ವಿಮರ್ಶಿಸೋಣ. ಮೊದಲು ವಂಶಾವಳಿ. ಹದಿನೇಳು ವರ್ಷ ಹಾಸಿಗೆ ಹಿಡಿದು ಮಲಗಿದ್ದ ಅಜ್ಜಿಯ ಸೋದರಿಯೊಬ್ಬಳು, ಮನೆಯ ಒಂದು ಮೇಜಿಗೆ ಮಾಟ ಹಿಡಿದಿದೆಯೆಂದು ಬೆದರುತ್ತಿದ್ದ ಇನ್ನೊಬ್ಬಳು, ಹೀಗೆ ಕುಲದಲ್ಲಿದ್ದ ವಿಲಕ್ಷಣರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೀಜದೋಷದಿಂದ ಈ ಫಲವುಂಟಾಯಿತೆಂದು ಸಾಧಿಸುವ ಪ್ರಯತ್ನ. ಯಾವ ಮನೆಯ ಚಿಕ್ಕಮ್ಮ ದೊಡ್ಡಮ್ಮಂದಿರನ್ನು ಹೀಗೆ ಸಾಲುಗಟ್ಟಿ ನಿಲ್ಲಿಸಿದರೆ ಯಾರು ತಾನೆ ಉಳಿದಾರು? ವಂಶಾವಳಿಯಾದ ಮೇಲೆ ದೇಹ. ಎತ್ತರ ೧೫೩ ಸೆಂಟಿಮೀಟರು, ತಲೆಬುರುಡೆಯ ಸುತ್ತಳತೆ, ಕಂಠಸ್ವರ, ಸ್ತ್ರೀವೇಷವನ್ನು ತೊಡಿಸಿದಾಗ ನಡಿಗೆಯು ಸರಾಗವಾಗಿರಲಿಲ್ಲವೆಂಬ ಟಿಪ್ಪಣಿ. ಉಳಿದ ಅಳತೆಗಳನ್ನು ಇಲ್ಲಿ ಬರೆಯಲಾರೆನು. ಕೊಳೆಯಾದ ಸೆರೆಮನೆಯಲ್ಲಿ, ಒಪ್ಪದ ಉಡುಗೆಯನ್ನು ತೊಟ್ಟು, ನೋಡುವವರ ಮುಂದೆ ನಡೆಯೆಂದರೆ ಯಾರ ನಡಿಗೆಯಾದರೂ ಸರಾಗವಾಗಿರುವುದೆ?

ವೈದ್ಯರಿಗೂ ಅನ್ಯಾಯ ಮಾಡಬಾರದು. ಇದು ಬೇಕೆಂದು ಮಾಡಿದ ದುರಾಚಾರವಲ್ಲ, ಹುಟ್ಟಿನೊಡನೆ ಬಂದ ಸ್ವಭಾವವೆಂದು ಅವರು ಹೇಳಿದುದರಿಂದಲೇ ನ್ಯಾಯಾಲಯವು ಶಾಂದೋರರನ್ನು ಶಿಕ್ಷೆಯಿಲ್ಲದೆ ಬಿಟ್ಟಿತು. ಆದರೆ ಕೊಟ್ಟ ಬಿಡುಗಡೆಗೆ ತೆಗೆದುಕೊಂಡ ಬೆಲೆಯೂ ಅಷ್ಟೇ ದೊಡ್ಡದು: ಅಪರಾಧಿಯಲ್ಲ, ರೋಗಿ. ಇನ್ನೂ ವಿಶೇಷವೆಂದರೆ, ಅದೇ ವರದಿಯು ಶಾಂದೋರರ ಕಾಗದಪತ್ರಗಳನ್ನೂ ಪರೀಕ್ಷಿಸಿತು. ನಾನಾ ದೇಶಗಳ ಕವಿಗಳನ್ನು ಓದಿಕೊಂಡಿದ್ದ ವ್ಯಾಪಕವಾದ ವ್ಯಾಸಂಗವೂ ಅಲ್ಪವಲ್ಲದ ಸಾಹಿತ್ಯಶಕ್ತಿಯೂ ಅವುಗಳಲ್ಲಿ ಕಾಣುವುದೆಂದು ಒಪ್ಪಿಕೊಂಡಿತು. ಹಾಗಿದ್ದರೂ ಆ ಬರೆಹಗಳನ್ನು ಅವರು ಓದಿದುದು ರಸಕ್ಕಾಗಿ ಅಲ್ಲ, ಲಕ್ಷಣಕ್ಕಾಗಿ. ಅಕ್ಷರಗಳು ಗಂಡಸಿನ ಕೈಬರೆಹದಂತೆ ದೃಢವಾಗಿವೆಯೆಂದು ಗುರುತು ಹಾಕಿಕೊಂಡರು. ಕವಿತೆಯನ್ನು ಕೈಗೆ ಕೊಟ್ಟರೆ ಅಕ್ಷರದ ದಪ್ಪವನ್ನು ಮಾತ್ರ ನೋಡುವ ಓದುಗನನ್ನು ಏನೆಂದು ಕರೆಯೋಣ?

ಈಗ ನಮ್ಮ ಸದಸ್ಯರ ಪ್ರಶ್ನೆಗೆ ಬರುವೆನು. ಉದ್ಯೋಗಪರ್ವದಲ್ಲಿ ಭೀಷ್ಮನು ದುರ್ಯೋಧನನಿಗೆ ಹೇಳುವ ಶಿಖಂಡಿಯ ಕಥೆಯನ್ನು ನಮ್ಮ ಮನೆಗಳಲ್ಲಿ ಪುರಾಣವಾಗಿ ಓದಿಸಿ ಕೇಳುತ್ತ ಬಂದಿರುವೆವು. ದ್ರುಪದನು ಹೆಣ್ಣುಮಗುವನ್ನು ಗಂಡೆಂದು ಸಾರಿ ಬೆಳೆಸಿದನು. ದ್ರೋಣನಲ್ಲಿ ಅಸ್ತ್ರವಿದ್ಯೆಯನ್ನು ಕಲಿಸಿದನು. ದಶಾರ್ಣದೇಶದ ಹಿರಣ್ಯವರ್ಮನ ಮಗಳನ್ನು ತಂದು ಮದುವೆ ಮಾಡಿದನು. ನಿಜವು ಹೊರಬಿದ್ದಾಗ ದಂಡೆತ್ತಿ ಬಂದವನು ಮಾವ. ಅಳಿಯನು ಗಂಡೋ ಹೆಣ್ಣೋ ಪರೀಕ್ಷಿಸಿರೆಂದು ಯುವತಿಯರನ್ನು ಕಳುಹಿಸಿದವನೂ ಮಾವನೇ. ಕ್ಲಾಗನ್‌ಫರ್ಟಿನ ಕಥೆಯಲ್ಲಿ ಇದರ ಯಾವ ಅಂಗವು ತಪ್ಪಿದೆ? ಒಂದೇ ತಪ್ಪಿದೆ. ಪಾಂಚಾಲರ ಕಾಡಿನಲ್ಲಿ ತನ್ನ ಪುರುಷತ್ವವನ್ನೇ ಕೊಟ್ಟು ಕಾಪಾಡಿದ ಸ್ಥೂಣನೆಂಬ ಯಕ್ಷನಿದ್ದನು. ಶಾಂದೋರರಿಗೆ ಯಾವ ಯಕ್ಷನೂ ಒದಗಲಿಲ್ಲ. ನಾನು ಎತ್ತಿ ಹೇಳಬೇಕೆಂದಿರುವುದು ಬೇರೊಂದು ಮಾತು. ಶಿಖಂಡಿಯೊಡನೆ ಯುದ್ಧ ಮಾಡೆನೆಂದು ವ್ರತ ಹಿಡಿದ ಭೀಷ್ಮನೇ ರಥಿಕರನ್ನು ಎಣಿಸುವಾಗ ಶಿಖಂಡಿಯನ್ನು ರಥಿಕರಲ್ಲಿ ಮುಖ್ಯನೆಂದು ಎಣಿಸಿದನು. ಹುಟ್ಟಿನ ವಿಚಾರ ಬೇರೆ, ಬಿಲ್ಲಿನ ವಿಚಾರ ಬೇರೆ. ಎರಡನ್ನೂ ಕಲಸದೆ ಇಟ್ಟುದು ಆ ವೃದ್ಧನ ನ್ಯಾಯಬುದ್ಧಿ. ವಿಮರ್ಶಕನಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ನನ್ನ ಕಷ್ಟವು ಇಲ್ಲಿಗೆ ಮುಗಿಯಲಿಲ್ಲ. ಬರೆಯಲು ಕುಳಿತಾಗ ವ್ಯಾಕರಣವು ಅಡ್ಡ ಬಂದಿತು. ಮೊದಲನೆಯ ಪ್ರತಿಯಲ್ಲಿ ನಾನು ಉದ್ದಕ್ಕೂ ‘ಅವಳು’ ಎಂದು ಬರೆದಿದ್ದೆನು. ಓದಿ ನೋಡಿದಾಗ ಅದು ಚರಿತ್ರೆಯಾಗಿರದೆ ತೀರ್ಪಾಗಿತ್ತು. ‘ಅವನು’ ಎಂದು ತಿದ್ದಿದೆನು. ಅದೂ ಇನ್ನೊಂದು ತೀರ್ಪೇ ಆಯಿತು. ಹಂಗೇರಿಯವರಿಗೆ ಈ ತೊಡಕಿಲ್ಲ. ಅವರ ಭಾಷೆಯಲ್ಲಿ ಲಿಂಗಭೇದವೇ ಇಲ್ಲ. ಅವನು, ಅವಳು ಎಂಬೆರಡಕ್ಕೂ ಒಂದೇ ಸರ್ವನಾಮ. ಶಾಂದೋರರು ಆಡಿದ, ಬರೆದ ಭಾಷೆಯು ಅವರನ್ನು ಒಂದು ದಿನವೂ ಇಂಥ ಪ್ರಶ್ನೆ ಕೇಳಲಿಲ್ಲ. ಕೇಳಿದುದು ನ್ಯಾಯಾಲಯದ ಜರ್ಮನ್ ಭಾಷೆ; ಅಲ್ಲಿ ಗ್ರಂಥಕರ್ತನೋ ಗ್ರಂಥಕರ್ತ್ರಿಯೋ ಎಂಬುದನ್ನು ತೀರ್ಮಾನಿಸದೆ ಒಂದು ವಾಕ್ಯವನ್ನೂ ಮುಂದೆ ಸಾಗಿಸುವುದು ಕಷ್ಟ.

ಸಂಸ್ಕೃತವನ್ನು ಓದಿದವರಿಗೆ ಈ ಲಿಂಗವಿಚಾರವು ಹೊಸದಲ್ಲ. ಭಾರ್ಯಾ ಎಂಬುದು ಸ್ತ್ರೀಲಿಂಗ, ದಾರ ಎಂಬುದು ಪುಂಲಿಂಗ, ಕಲತ್ರವು ನಪುಂಸಕ. ಮೂರಕ್ಕೂ ಅರ್ಥ ಹೆಂಡತಿಯೇ. ಮಹಾಭಾಷ್ಯಕಾರನು ಸ್ತ್ರೀಪ್ರತ್ಯಯಗಳನ್ನು ವಿಚಾರಿಸುವಲ್ಲಿ, ದೇಹದ ಚಿಹ್ನೆಗಳಿಂದ ಲಿಂಗವನ್ನು ತಿಳಿಯಬಹುದೆಂಬ ಮತವನ್ನು ಮೊದಲು ಎತ್ತಿಕೊಳ್ಳುವನು. ಒಡನೆಯೇ, ಹಾಗಾದರೆ ಸ್ತ್ರೀವೇಷವನ್ನು ಧರಿಸಿದ ನಟನಾದ ಭ್ರೂಕುಂಸನಿಗೆ ಸ್ತ್ರೀಪ್ರತ್ಯಯವು ಬರಬೇಕಾದೀತೆಂದು ಅತಿವ್ಯಾಪ್ತಿಯನ್ನೂ, ಮಂಚವೆಂಬರ್ಥದ ಖಟ್ವಾ ಶಬ್ದಕ್ಕೆ ಬಾರದೆ ಹೋದೀತೆಂದು ಅವ್ಯಾಪ್ತಿಯನ್ನೂ ತೋರಿಸುವನು. ಲಿಂಗವು ಲೋಕದ ವ್ಯವಹಾರವನ್ನು ಆಶ್ರಯಿಸಿರುವುದರಿಂದ ಶಾಸ್ತ್ರವು ಅದನ್ನು ವಿಧಿಸಬೇಕಾಗಿಲ್ಲವೆಂಬ ಮಾತೂ ಅಲ್ಲಿ ಬರುವುದು. ಶಬ್ದಗಳ ವಿಚಾರವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದೆಂಬುದನ್ನು ಬಲ್ಲೆನು. ಆದರೂ ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ವೈಯಾಕರಣನು ಪೂರ್ವಪಕ್ಷವೆಂದು ಎತ್ತಿ ಬದಿಗಿಟ್ಟುದನ್ನೇ ಕ್ಲಾಗನ್‌ಫರ್ಟಿನ ಪಂಡಿತರು ಸಿದ್ಧಾಂತವೆಂದು ಹಿಡಿದರೆಂಬುದು ಸೋಜಿಗ.

ಕನ್ನಡವು ನನ್ನನ್ನು ಪಾರುಮಾಡಿತು. ಗ್ರಂಥಕರ್ತರನ್ನು ಏಕವಚನದಲ್ಲಿ ಕರೆಯುವುದು ನಮ್ಮ ವಿಮರ್ಶಕರ ರೂಢಿ. ಕಾಳಿದಾಸನು, ಪಂಪನು ಎನ್ನುವುದರಲ್ಲಿ ಅಗೌರವವಿಲ್ಲ. ಆದರೆ ಮನೆಗೆ ಬಂದ ಅಪರಿಚಿತರನ್ನು ನಾವು ಬಹುವಚನದಲ್ಲಿಯೇ ಮಾತನಾಡಿಸುವೆವು. ‘ಅವರು’ ಎಂಬ ನಮ್ಮ ಮಾತು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಕೂಡಿರಿ ಎಂದು ಮಣೆ ಹಾಕುತ್ತದೆ. ಆದುದರಿಂದ ಈ ಒಬ್ಬ ಲೇಖಕರ ಮಟ್ಟಿಗೆ ನಾನು ರೂಢಿಯನ್ನು ಬಿಟ್ಟಿರುವೆನು. ವಾಚಕರು ಕ್ಷಮಿಸಬೇಕು.

ಬಿಡುಗಡೆಯಾದ ಮೇಲೆ ಶಾಂದೋರರು ಏನು ಮಾಡಿದರು? ಕ್ರಾಫ್ಟ್-ಎಬಿಂಗನು, ಅವರು ಸ್ವದೇಶಕ್ಕೆ ಹಿಂದಿರುಗಿ ಮತ್ತೆ ಕೌಂಟ್ ಶಾಂದೋರ್ ಆದರೆಂದೂ, ಮರೀಯನ್ನು ಕಳೆದುಕೊಂಡ ದುಃಖವೊಂದೇ ಅವರಿಗೆ ಉಳಿಯಿತೆಂದೂ ಹೇಳಿ ಪ್ರಕರಣವನ್ನು ಮುಚ್ಚುವನು. ವೈದ್ಯನ ಕಥೆ ಮುಗಿದಲ್ಲಿ ಲೇಖಕರ ಕಥೆ ಬಲಗೊಳ್ಳುವುದು. ಪತ್ರಿಕೆಗಳಲ್ಲಿ ‘ಗಂಡುಡುಗೆಯ ಕೌಂಟೆಸ್’ ಎಂದು ನಗೆಗೀಡಾದವರು ಪತ್ರಿಕೆಗಳಲ್ಲಿಯೇ ಮತ್ತೆ ಬರೆಯತೊಡಗಿದರು. ಅದೇ ಹೆಸರಿನಿಂದ, ಅದೇ ಉಡುಗೆಯಲ್ಲಿ. ಅವರು ಆರಿಸಿಕೊಂಡ ವಸ್ತು ಹಳೆಯ ಹಂಗೇರಿ: ಪೂರ್ವಕಾಲದ ಕುಲೀನ ಗೃಹಸ್ಥರು, ಗೃಹಿಣಿಯರು, ಅವರ ಔತಣ, ದ್ವಂದ್ವಯುದ್ಧ, ಪ್ರಣಯ, ಜಗಳ, ಮನೆಮನೆಗಳಲ್ಲಿ ಹೇಳಿಕೊಂಡು ಬಂದ ಕಥೆಗಳು. ಬುಡಾಪೆಷ್ಟಿನ ವಾಚಕರು ಎಲ್ಲವನ್ನೂ ಬಲ್ಲವರಾಗಿದ್ದೂ ಕೌಂಟ್ ಶಾಂದೋರರನ್ನು ಕೌಂಟ್ ಶಾಂದೋರರೆಂದೇ ಓದಿದರು. ಅವರಿಗಿಂತ ಕಿರಿಯನಾಗಿದ್ದ ಪ್ರಸಿದ್ಧ ಕಥೆಗಾರ ಕ್ರೂದಿ ದ್ಯುಲಾ ಅವರನ್ನು ನೆನೆದು ಬರೆದಿರುವನು. ಅವರ ತವರಿನ ಜನರು ವೈದ್ಯರಿಗಿಂತ ಉದಾರಿಗಳಾಗಿದ್ದರೆಂದು ಇದರಿಂದ ಊಹಿಸಬಹುದು. ೨೦೨೦ರಲ್ಲಿ ಬುಡಾಪೆಷ್ಟಿನ ಇಂಥ ಜೀವಿತಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ ಅನಿತಾ ಕುರಿಮಯ್, ೨೦೦೪ರಲ್ಲಿ ಈ ಮೊಕದ್ದಮೆಯನ್ನು ವಿವೇಚಿಸಿದ ಹಾಲೆಂಡಿನ ಗೀರ್ತ್ಯೆ ಮಾಕ್ ಮೊದಲಾದ ವಿದುಷಿಯರು ಈಗ ಶಾಂದೋರರನ್ನು ರೋಗಿಗಳ ಪಟ್ಟಿಯಿಂದ ಹೊರಗೆ ತಂದು ನೋಡುತ್ತಿರುವುದು ಸಂತೋಷದ ವಿಷಯ.

ಹಳೆಯ ಮನೆತನಗಳ ಕಥೆಯೇ ಅವರಿಗೆ ಏಕೆ ಬೇಕಾಯಿತೆಂಬುದಕ್ಕೆ ನನಗೆ ತೋರುವ ಸಮಾಧಾನವಿದು. ಯಾರ ಹೆಸರು ತನ್ನ ಮನೆಯ ದಾಖಲೆಯಲ್ಲಿ ಒಂದು ಬಗೆಯಾಗಿಯೂ ಬಾಳಿನಲ್ಲಿ ಇನ್ನೊಂದು ಬಗೆಯಾಗಿಯೂ ಇದ್ದಿತೋ, ಅವರು ದೇಶದ ಎಲ್ಲ ಮನೆಗಳ ನೆನಪನ್ನು ಕಾಯುವವರಾದರು. ವಂಶಾವಳಿಯನ್ನು ವೈದ್ಯರು ರೋಗದ ಬೇರನ್ನು ಹುಡುಕಲು ಬಳಸಿದರು. ಶಾಂದೋರರು ಅದನ್ನೇ ಕಥೆಯ ಬೇರಾಗಿ ಮಾಡಿಕೊಂಡರು. ಒಂದೇ ಮನೆತನದ ವಿಚಿತ್ರ ಅಜ್ಜಿಯರು ಒಬ್ಬನಿಗೆ ಸಾಕ್ಷಿಗಳಾದರು, ಇನ್ನೊಬ್ಬರಿಗೆ ಪಾತ್ರಗಳಾದರು. ವಿಜ್ಞಾನಿಯ ಓದಿಗೂ ಸಾಹಿತಿಯ ಓದಿಗೂ ಇರುವ ಅಂತರವು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ನನಗೆ ಕಂಡಿಲ್ಲ.

ಗುಣಪಕ್ಷಪಾತದಿಂದ ದೋಷವನ್ನು ಮುಚ್ಚಬಾರದು. ಹಣವನ್ನು ಸುಳ್ಳು ಹೇಳಿ ತಂದುದು ತಪ್ಪು. ಸಾಲಗಾರರನ್ನು ಸುತ್ತಾಡಿಸಿದುದು ತಪ್ಪು. ಕೃತಕವಾದ ವಿವಾಹಪತ್ರವೂ ಸುಳ್ಳೇ. ಆದರೆ ಹಣದ ಸುಳ್ಳನ್ನೂ ವಿವಾಹದ ಸುಳ್ಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆನು. ಹಣವನ್ನು ನ್ಯಾಯವಾಗಿ ಪಡೆಯುವ ದಾರಿಯಿತ್ತು. ವಿವಾಹಪತ್ರವನ್ನು ನ್ಯಾಯವಾಗಿ ಪಡೆಯುವ ದಾರಿಯನ್ನು ರಾಜ್ಯವು ಇಟ್ಟಿರಲಿಲ್ಲ. ನನ್ನನ್ನು ಹೆಚ್ಚಾಗಿ ಕಾಡುವವಳು ಮರೀ. ಪಾಠ ಹೇಳುತ್ತಿದ್ದ ಉದ್ಯೋಗವನ್ನು ಬಿಟ್ಟು, ಲತಾಮಂಟಪದಲ್ಲಿ ನಿಂತು, ಕೊನೆಗೆ ತಂದೆಯ ದೂರಿನ ಒಂದು ವಾಕ್ಯವಾಗಿ ಉಳಿದವಳು. ಶಾಂದೋರರ ಅಳತೆಗಳಿಗೆ ಅಷ್ಟು ಪುಟಗಳನ್ನು ಕೊಟ್ಟ ಗ್ರಂಥವು ಅವಳ ಮನಸ್ಸಿಗೆ ಕೊಟ್ಟುದು ಅತ್ಯಲ್ಪ. ವೈದ್ಯರ ವಿಮರ್ಶೆ ಮಾಡುವ ನಾವೂ ಅವಳನ್ನು ಮರೆತರೆ ಅದೇ ದೋಷಕ್ಕೆ ಗುರಿಯಾಗುವೆವು.

ಶಾಂದೋರರು ೧೯೧೮ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಯೊಳಗೆ ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯ–ಹಂಗೇರಿ ಚಕ್ರಾಧಿಪತ್ಯವೂ ಮುರಿದುಬಿದ್ದಿತು. ಅವರನ್ನು ಪರೀಕ್ಷಿಸಿದ ರಾಜ್ಯವೂ ಇಲ್ಲ, ಅವರು ವರ್ಣಿಸಿದ ಸಮಾಜವೂ ಇಲ್ಲ. ಉಳಿದಿರುವುದು ಎರಡೇ: ಒಂದು ವೈದ್ಯಕೀಯ ವರದಿ, ಹತ್ತು ಸಂಪುಟಗಳ ಬರೆಹ. ಮೊದಲನೆಯದನ್ನು ಓದುವವರು ಎಲ್ಲೆಲ್ಲಿಯೂ ಇದ್ದಾರೆ. ಎರಡನೆಯದರಿಂದ ಆಯ್ದ ನಾಲ್ಕು ಕಥೆಗಳನ್ನಾದರೂ ಹಂಗೇರಿಯ ಭಾಷೆಯನ್ನು ಬಲ್ಲ ಕನ್ನಡಿಗರೊಬ್ಬರು ನಮಗೆ ತಂದುಕೊಟ್ಟರೆ, ನೂರಮೂವತ್ತು ವರ್ಷಗಳಿಗೂ ಮಿಕ್ಕು ವಿಳಂಬವಾಗಿರುವ ಒಂದು ವಿಚಾರಣೆಯು ಸರಿಯಾದ ಸಭೆಯಲ್ಲಿ ಆರಂಭವಾದೀತು. ಅಲ್ಲಿಯವರೆಗೆ ಭೀಷ್ಮನ ಎಣಿಕೆಯನ್ನು ನೆನಪಿನಲ್ಲಿಟ್ಟು, ಹುಟ್ಟಿನ ಪ್ರಶ್ನೆಯನ್ನು ಬದಿಗಿರಿಸಿ, ವಾಯ್ ಶಾಂದೋರರನ್ನು ಲೇಖಕರ ಸಾಲಿನಲ್ಲಿ ಕುಳ್ಳಿರಿಸಿ ಈ ಲೇಖನವನ್ನು ಮುಗಿಸುವೆನು.